ಒಂದು ನಾಳದ ಬೆಳಕು ಇನ್ನೊಂದಕ್ಕೆ: ಒಂದು ಸಿದ್ಧಾಂತದ ಇತಿಹಾಸ

ನಾಗರ ಪಂಚಮಿಯ ದಿನಗಳಲ್ಲಿ ನಮ್ಮ ಸೀಮೆಯ ಊರುಗಳಲ್ಲಿ ಬೇವಿನ ಕೊಂಬೆಗೆ ಜೋಕಾಲಿ ಕಟ್ಟುವ ವಾಡಿಕೆ ಇಂದಿಗೂ ಉಳಿದಿದೆ. ಒಂದೇ ಕೊಂಬೆಗೆ ಎರಡು ಜೋಕಾಲಿಗಳನ್ನು ಕಟ್ಟಿದಾಗ, ಹಗ್ಗಗಳ ಉದ್ದ ಸಮನಾಗಿದ್ದು ಕೊಂಬೆಯೂ ತುಸು ಬಾಗುವಂಥದ್ದಾದರೆ, ಒಂದನ್ನು ತೂಗಿದರೆ ಇನ್ನೊಂದು ತಾನಾಗಿ ಅಲುಗತೊಡಗುತ್ತದೆ. ತೂಗಿದ್ದು ಕ್ರಮೇಣ ಸೋಲುತ್ತದೆ, ಸುಮ್ಮನಿದ್ದದ್ದು ಜೀಕುತ್ತದೆ, ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ತಿರುವುಮುರುವಾಗುತ್ತದೆ. ಪ್ರಯೋಗಶಾಲೆಯಲ್ಲಿ ಇದನ್ನೇ ಎರಡು ಕುರ್ಚಿಗಳ ನಡುವೆ ಬಿಗಿದ ದಾರಕ್ಕೆ ಎರಡು ಲೋಲಕಗಳನ್ನು ತೂಗುಬಿಟ್ಟು ತೋರಿಸುತ್ತಾರೆ. ಮಕ್ಕಳು ಕೈತಟ್ಟುತ್ತಾರೆ. ಬೆಳಕು ಕೂಡ ಹೀಗೆಯೇ ಒಂದು ದಾರಿಯಿಂದ ಪಕ್ಕದ ದಾರಿಗೆ ದಾಟಿ ಮತ್ತೆ ಮರಳುತ್ತದೆ ಎಂಬುದು ಆ ಪಾಠದಲ್ಲಿ ಬರುವುದಿಲ್ಲ.

ನಾವು ಓದಿದ್ದು ಇತಿಹಾಸ, ಭೌತಶಾಸ್ತ್ರವಲ್ಲ. ಶತಮಾನೋತ್ಸವದ ಸಂಪುಟಕ್ಕೆ ಶಾಲೆಯ ಹಿಂದಿನ ದಿನಗಳ ಬಗೆಗೆ ಬರೆಯುವುದು ನಮಗೆ ಸುಲಭವಾಗಿತ್ತು. ಆದರೆ ಹತ್ತನೆಯ ತರಗತಿಯವರೆಗೆ ನಮ್ಮಲ್ಲಿ ಕನ್ನಡದಲ್ಲಿ ಓದಿ, ಅನಂತರ ಇಂಗ್ಲಿಷಿನಲ್ಲಿ ವಿಜ್ಞಾನ ಕಲಿತು, ಈಗ ದ್ಯುತಿ ತಂತುಗಳ ಕುರಿತು ಸಂಶೋಧನೆಯಲ್ಲಿ ತೊಡಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ದೀಪಾವಳಿಗೆ ಬಂದಾಗ ಹೇಳಿದ ಮಾತು ನಮ್ಮನ್ನು ಬಿಡಲಿಲ್ಲ. "ಅಕ್ಕೋರ, ನಾ ಏನ್ ಓದತೀನಂತ ನಮ್ಮವ್ವಗ ಹೇಳಾಕ ಬರವಲ್ದು. ಬೆಳಕಿನ ಬಗ್ಗೆ ಅಂದ್ರ, ಬೆಳಕಿನಾಗ ಓದೂದು ಬಿಟ್ಟು ಬೆಳಕನ್ನ ಓದೂದೇನೈತಿ ಅಂತ ನಗತಾಳ" ಎಂದಳು. ಕಲಿತ ವಿದ್ಯೆಯನ್ನು ಹೆತ್ತ ತಾಯಿಗೆ ಹೇಳಲು ಮಾತು ಸಿಗದ ಮಗಳನ್ನು ಒಂದು ಕನ್ನಡ ಶಾಲೆ ಕಳಿಸಿಕೊಟ್ಟಿದ್ದರೆ, ಆ ಮಾತುಗಳನ್ನು ಹುಡುಕುವ ಹೊಣೆಯಲ್ಲಿ ನಮ್ಮದೂ ಪಾಲಿದೆ. ಆಕೆ ತಂದುಕೊಟ್ಟ ಪುಸ್ತಕಗಳನ್ನು, ಮುಖ್ಯವಾಗಿ ದೆಹಲಿಯ ಐಐಟಿಯ ಅಜಯ್ ಘಾಟಕ್ ಮತ್ತು ತ್ಯಾಗರಾಜನ್ ಅವರು ಬರೆದ ಗ್ರಂಥಗಳನ್ನು ಮುಂದಿಟ್ಟುಕೊಂಡು, ತಿಳಿಯದಲ್ಲಿ ಆಕೆಯನ್ನೇ ಕೇಳಿ, ನಾವು ಈ ಲೇಖನವನ್ನು ಬರೆದಿದ್ದೇವೆ.

ಮೊದಲು ಮಾತುಗಳ ವಿಚಾರ. ಬೆಳಕನ್ನು ಹಿಡಿದು ಒಯ್ಯುವ ಗಾಜಿನ ಎಳೆ ಅಥವಾ ಪಟ್ಟಿಯನ್ನು 'ತರಂಗನಾಳ' ಎಂದು ಕರೆಯೋಣ. ನಾಳದೊಳಗೆ ಬೆಳಕು ಮನಬಂದಂತೆ ಹರಡಿಕೊಳ್ಳಲಾರದು. ತಂಬೂರಿಯ ತಂತಿ ಕೆಲವೇ ರೀತಿಗಳಲ್ಲಿ ಮಿಡಿಯಬಲ್ಲುದು. ನಾಳದ ಅಡ್ಡಕೊಯ್ತದಲ್ಲಿ ಬೆಳಕು ನೆಲೆಗೊಳ್ಳುವುದೂ ಹಾಗೆಯೇ ಕೆಲವು ನಿರ್ದಿಷ್ಟ ವಿನ್ಯಾಸಗಳಲ್ಲಿ ಮಾತ್ರ. ಒಂದೊಂದು ವಿನ್ಯಾಸಕ್ಕೂ ತನ್ನದೇ ವೇಗವುಂಟು, ದಾರಿಯುದ್ದಕ್ಕೂ ಅದರ ಆಕಾರ ಬದಲಾಗದು. ಇಂಗ್ಲಿಷಿನವರು ಇದನ್ನು ಮೋಡ್ ಎನ್ನುತ್ತಾರೆ. ನಾವು 'ನಡೆ' ಎಂದಿದ್ದೇವೆ. ಆನೆಯ ನಡೆ ಬೇರೆ, ಕುದುರೆಯ ನಡೆ ಬೇರೆ ಎಂಬ ಅರ್ಥವೂ ತಾಳದಲ್ಲಿ ಬರುವ ನಡೆಯ ಅರ್ಥವೂ ಇಲ್ಲಿ ಹೊಂದುತ್ತವೆ. ಎರಡು ನಡೆಗಳ ನಡುವೆ ಶಕ್ತಿ ಹೋಗಿಬರುವಂತೆ ಅವು ಒಂದಕ್ಕೊಂದು ತಗಲಿಕೊಂಡಿರುವುದನ್ನು ಭೌತಶಾಸ್ತ್ರದ ಪುಸ್ತಕಗಳಂತೆ 'ಯುಗ್ಮನ' ಎಂದೇ ಉಳಿಸಿಕೊಂಡಿದ್ದೇವೆ.

ಈ ಇತಿಹಾಸವನ್ನು 1665ರ ಫೆಬ್ರವರಿಯಿಂದ ಆರಂಭಿಸುವುದು ರೂಢಿ. ಲೋಲಕದ ಗಡಿಯಾರವನ್ನು ಕಂಡುಹಿಡಿದ ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗನ್ಸ್ ಕಾಯಿಲೆಯಿಂದ ಕೋಣೆಯಲ್ಲೇ ಉಳಿದಿದ್ದಾಗ, ಒಂದೇ ಆಧಾರಕ್ಕೆ ತೂಗುಬಿಟ್ಟಿದ್ದ ಎರಡು ಗಡಿಯಾರಗಳ ಲೋಲಕಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ, ತಾಳ ತಪ್ಪದೆ ಆಡುತ್ತಿರುವುದನ್ನು ಕಂಡರು. ಕೆಡಿಸಿದರೂ ಸುಮಾರು ಅರ್ಧ ಗಂಟೆಯಲ್ಲಿ ಅವು ಮತ್ತೆ ಹೊಂದಿಕೊಳ್ಳುತ್ತಿದ್ದವು. ಮೊದಲು ಅವರು ಗಾಳಿಯ ಮೇಲೆ ಸಂಶಯಪಟ್ಟರು. ಬಳಿಕ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಅಲುಗುವ ಮರದ ತೊಲೆಯೇ ಕಾರಣವೆಂದು ತಿಳಿದರು. ನಿಜ ಹೇಳಬೇಕೆಂದರೆ ಗಡಿಯಾರಗಳ ಈ ಹೊಂದಾಣಿಕೆಯೂ ಜೋಕಾಲಿಗಳ ಕೊಡುಕೊಳ್ಳುವಿಕೆಯೂ ಸಂಪೂರ್ಣವಾಗಿ ಒಂದೇ ಅಲ್ಲ. ಗಡಿಯಾರಕ್ಕೆ ಹೊರಗಿನಿಂದ ಶಕ್ತಿ ದೊರೆಯುತ್ತಿರುತ್ತದೆ. ಆದರೂ ನಡುವಿನ ವಸ್ತುವೊಂದು ಎರಡನ್ನು ಬೆಸೆಯುತ್ತದೆ ಎಂಬ ವಿಚಾರ ಅಲ್ಲಿಂದಲೇ ಬಂದಿತು.

ಬೆಳಕಿನ ಮಟ್ಟಿಗೆ ನಡುವಿನ ಆ ವಸ್ತು ಯಾವುದು? ಇದರ ಮೊದಲ ಸುಳಿವು ನ್ಯೂಟನ್ನರ ಪ್ರಯೋಗಗಳಲ್ಲಿದೆ. ಗಾಜಿನೊಳಗಿನ ಬೆಳಕು ಓರೆಯಾಗಿ ಗಾಳಿಯ ಅಂಚಿಗೆ ಬಡಿದಾಗ ಹೊರಗೆ ಹೋಗದೆ ಪೂರ್ಣವಾಗಿ ಮರಳುವುದನ್ನು ನಮ್ಮ ಮಕ್ಕಳು ಸಂಪೂರ್ಣ ಆಂತರಿಕ ಪ್ರತಿಫಲನವೆಂದು ಓದುತ್ತಾರೆ. ತುಸುವೇ ಉಬ್ಬಿದ ಮೈಯುಳ್ಳ ಎರಡು ಪಟ್ಟಕಗಳನ್ನು ನ್ಯೂಟನ್ ಒಂದಕ್ಕೊಂದು ಒತ್ತಿ ಹಿಡಿದಾಗ, ಅವು ಮುಟ್ಟಿದ ಕಡೆಯಲ್ಲಿ ಬೆಳಕು ಮರಳದೆ ಆಚೆಗೆ ದಾಟಿತು. 1704ರಲ್ಲಿ ಪ್ರಕಟವಾದ 'ಆಪ್ಟಿಕ್ಸ್' ಗ್ರಂಥದಲ್ಲಿ ಇದು ದಾಖಲಾಗಿದೆ. ಪೂರ್ಣವಾಗಿ ಮರಳುವ ಬೆಳಕು ಕೂಡ ಗೋಡೆಯಾಚೆಗೆ ಒಂದಿಷ್ಟು ಚಾಚಿಕೊಂಡಿರುತ್ತದೆ. ಆ ಚಾಚು ದೂರ ಹೋಗದು, ಬೇಗ ಕ್ಷಯಿಸುತ್ತದೆ. ಆದರೆ ಅದು ಕ್ಷಯಿಸುವ ಮುನ್ನವೇ ಅಲ್ಲಿ ಇನ್ನೊಂದು ಗಾಜು ಸಿಕ್ಕರೆ ಬೆಳಕು ಅದರೊಳಗೆ ಹೊಕ್ಕು ಮುಂದುವರಿಯುತ್ತದೆ.

ತೊಡಕು ಇದ್ದದ್ದು ಅಳತೆಯಲ್ಲಿ. ಈ ಚಾಚು ಸುಮಾರು ಒಂದು ತರಂಗದೂರದಷ್ಟು, ಎಂದರೆ ಕಾಣುವ ಬೆಳಕಿನಲ್ಲಿ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ. ಅಷ್ಟು ಕಿರಿದಾದ ಸಂದನ್ನು ಏರಿಸಿ ಇಳಿಸಿ ಅಳೆಯುವುದು ಆ ಕಾಲಕ್ಕೆ ಬಹು ಕಷ್ಟದ ಕೆಲಸ. ಇದಕ್ಕೆ ಒಂದು ಸೊಗಸಾದ ಉಪಾಯವನ್ನು ಕಂಡುಕೊಂಡವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಜಗದೀಶಚಂದ್ರ ಬೋಸರು. ಬೆಳಕನ್ನೇ ಹೋಲುವ, ಆದರೆ ಕೆಲವೇ ಮಿಲಿಮೀಟರು ತರಂಗದೂರದ ವಿದ್ಯುತ್ ತರಂಗಗಳನ್ನು ಅವರು ಉತ್ಪಾದಿಸಿದ್ದರು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವುಗಳನ್ನು ಪ್ರದರ್ಶಿಸಿದರು. ಅದೇ ವರ್ಷ, ಎರಡು ಪಟ್ಟಕಗಳ ನಡುವಿನ ಗಾಳಿಯ ಸಂದು ಎಷ್ಟಿದ್ದರೆ ಎಷ್ಟು ತರಂಗ ಆಚೆಗೆ ದಾಟುತ್ತದೆ ಎಂಬುದನ್ನು ಪರಿಶೀಲಿಸಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ತರಂಗ ದೊಡ್ಡದಾದ್ದರಿಂದ ಸಂದೂ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿತ್ತು, ಅಳತೆ ಕೈಗೆಟುಕಿತು. ಬೋಸರನ್ನು ನಮ್ಮ ಪಠ್ಯಗಳು ಗಿಡಗಳ ಸಂವೇದನೆಗಾಗಿ ನೆನೆಯುತ್ತವೆ, ಹೆಚ್ಚೆಂದರೆ ನಿಸ್ತಂತುವಿಗಾಗಿ. ಈ ಚಿಕ್ಕ ಪ್ರಬಂಧ ನಮ್ಮ ಕಣ್ಣಿಗೆ ಅವೆರಡಕ್ಕೂ ಕಡಿಮೆಯದಲ್ಲ.

ಅದೇ 1897ರಲ್ಲಿ, ಕೇಂಬ್ರಿಜ್‌ನಲ್ಲಿ ಬೋಸರಿಗೆ ಗುರುಗಳಾಗಿದ್ದ ಲಾರ್ಡ್ ರ್‍ಯಾಲೆ, ಟೊಳ್ಳು ಲೋಹದ ಕೊಳವೆಯಲ್ಲಿ ವಿದ್ಯುತ್ ತರಂಗಗಳು ಹೇಗೆ ಸಾಗುತ್ತವೆ ಎಂಬುದರ ಗಣಿತವನ್ನು ಪ್ರಕಟಿಸಿದರು. ಕೊಳವೆಯಲ್ಲಿ ನಿರ್ದಿಷ್ಟ ನಡೆಗಳು ಮಾತ್ರ ಸಾಧ್ಯ, ಒಂದೊಂದಕ್ಕೂ ಒಂದು ಕನಿಷ್ಠ ಆವೃತ್ತಿಯುಂಟು, ಅದಕ್ಕಿಂತ ಕೆಳಗಿನದು ಸಾಗಲಾರದು ಎಂದು ತೋರಿಸಿದರು. ಗುರು ನಡೆಗಳನ್ನು ಲೆಕ್ಕ ಹಾಕಿದ ವರ್ಷವೇ ಶಿಷ್ಯರು ಗೋಡೆ ದಾಟುವ ತರಂಗವನ್ನು ಅಳೆದರು. ಇವೆರಡನ್ನೂ ಒಂದೆಡೆ ಸೇರಿಸುವ ಕೆಲಸ ಅರ್ಧ ಶತಮಾನ ಕಾದಿತು. ರ್‍ಯಾಲೆಯವರ ಲೆಕ್ಕವೂ ಬಹುಮಟ್ಟಿಗೆ ಮರೆತುಹೋಗಿ, 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸೌತ್‌ವರ್ತ್ ಮತ್ತು ಎಂಐಟಿಯ ಬ್ಯಾರೋ ಅವರು ಬೇರೆಬೇರೆಯಾಗಿ ಅದನ್ನು ಹೊಸದಾಗಿ ಕಂಡುಕೊಳ್ಳಬೇಕಾಯಿತು.

ಈ ನಡುವೆ ಬೆಂಗಳೂರಿನಲ್ಲಿ ನಡೆದ ಒಂದು ಕೆಲಸವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ದ್ರವದಲ್ಲಿ ಶ್ರವಣಾತೀತ ಶಬ್ದವನ್ನು ಹಾಯಿಸಿದರೆ ದ್ರವವು ಒತ್ತು ಪದರ, ಸಡಿಲ ಪದರಗಳಾಗಿ ಗೆರೆ ಬಿಡುತ್ತದೆ. ಅದರ ಮೂಲಕ ಅಡ್ಡವಾಗಿ ಹಾಯಿಸಿದ ಬೆಳಕು ಒಂದು ಕಿರಣವಾಗಿ ಉಳಿಯದೆ ಎಡಬಲಕ್ಕೆ ಹಲವು ಕಿರಣಗಳಾಗಿ ಒಡೆಯುತ್ತದೆ. 1932ರಲ್ಲಿ ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲ್ಯೂಕಾಸ್ ಮತ್ತು ಬಿಕಾರ್ ಇದನ್ನು ಕಂಡರು. ಏಕೆ ಇಷ್ಟೊಂದು ಕಿರಣಗಳು, ಅವುಗಳಲ್ಲಿ ಯಾವುದು ಎಷ್ಟು ಪ್ರಖರ ಎಂಬುದಕ್ಕೆ ತೃಪ್ತಿಕರ ಉತ್ತರ ದೊರೆತದ್ದು ಸರ್ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಅವರು 1935 ಮತ್ತು 1936ರಲ್ಲಿ ಬೆಂಗಳೂರಿನಿಂದ ಬರೆದ ಪ್ರಬಂಧಮಾಲೆಯಲ್ಲಿ. ಭಾರತೀಯ ವಿಜ್ಞಾನ ಅಕಾಡೆಮಿಯನ್ನು ರಾಮನ್ನರು ಸ್ಥಾಪಿಸಿದ್ದು 1934ರಲ್ಲಿ. ಇವು ಅದರ ಪತ್ರಿಕೆಯ ಮೊದಮೊದಲ ಸಂಪುಟಗಳಲ್ಲೇ ಬಂದವು. ಅವರ ಸಮೀಕರಣದಲ್ಲಿ ಪ್ರತಿಯೊಂದು ಕಿರಣವೂ ತನ್ನ ಎಡದ ಮತ್ತು ಬಲದ ನೆರೆಯ ಕಿರಣದೊಡನೆ ಮಾತ್ರ ಶಕ್ತಿಯನ್ನು ಕೊಡುತ್ತದೆ, ಕೊಳ್ಳುತ್ತದೆ. ಶಬ್ದದ ಪ್ರಾಬಲ್ಯವನ್ನು ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ನಡುವಿನ ಮೂಲ ಕಿರಣವೇ ಪೂರ್ತಿ ಮಾಯವಾಗಿ, ಬೆಳಕೆಲ್ಲ ಪಕ್ಕದ ಕಿರಣಗಳಿಗೆ ಹಂಚಿಹೋಗುತ್ತದೆ.

ಮೂವತ್ತು ವರ್ಷಗಳ ಬಳಿಕ, 1965ರಲ್ಲಿ, ಅಮೆರಿಕದ ಎ. ಎಲ್. ಜೋನ್ಸ್ ಅವರು ಸಾಲಾಗಿ ಒತ್ತೊತ್ತಾಗಿ ಜೋಡಿಸಿದ ಗಾಜಿನ ಎಳೆಗಳಲ್ಲಿ ಒಂದಕ್ಕೆ ಮಾತ್ರ ಬೆಳಕು ಕೊಟ್ಟರೆ ಅದು ಉಳಿದವುಗಳಿಗೆ ಹೇಗೆ ಹಬ್ಬುತ್ತದೆ ಎಂದು ಲೆಕ್ಕ ಹಾಕಿದರು. ಎಳೆಯೊಂದಕ್ಕೆ ತನ್ನ ಎಡಬಲದ ನೆರೆಯೊಡನೆ ಮಾತ್ರ ವ್ಯವಹಾರ. ಬೆಳಕು ಕೊಟ್ಟ ಎಳೆ ಒಂದು ದೂರದಲ್ಲಿ ಕತ್ತಲಾಗುತ್ತದೆ, ಬೆಳಕು ಎರಡೂ ಕಡೆಯ ರೆಕ್ಕೆಗಳಿಗೆ ಓಡುತ್ತದೆ. ಪದರಗಳು ತೆಳುವಾದ ಸರಳ ಸಂದರ್ಭದಲ್ಲಿ ರಾಮನ್ ಮತ್ತು ನಾಥ್ ಅವರ ಸಮೀಕರಣವೂ ಇದೂ ಒಂದೇ, ಉತ್ತರದಲ್ಲಿ ಬರುವ ಬೆಸೆಲ್ ಫಲನಗಳೂ ಅವೇ. ಒಂದು ಕಡೆ ದ್ರವದಲ್ಲಿ ಶಬ್ದ, ಇನ್ನೊಂದು ಕಡೆ ಗಾಜಿನ ಎಳೆಗಳ ಸಾಲು. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಈ ಇಡೀ ಓದಿನಲ್ಲಿ ಅತ್ಯಂತ ಆಶ್ಚರ್ಯ ಹುಟ್ಟಿಸಿದ ಭಾಗ ಇದು. ಹಳೆಯ ವಿದ್ಯಾರ್ಥಿನಿಗೆ ಹೇಳಿದರೆ, ಆಕೆ ಎರಡನ್ನೂ ಬೇರೆಬೇರೆ ಅಧ್ಯಾಯಗಳಲ್ಲಿ ಓದಿದ್ದಳು, ಅಕ್ಕಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ.

ಯುಗ್ಮನಕ್ಕೆ ಒಂದು ಸಿದ್ಧಾಂತದ ರೂಪ ಬಂದದ್ದು ಯುದ್ಧದ ನಂತರ, ಬೆಲ್ ಪ್ರಯೋಗಾಲಯದಲ್ಲಿ. ಅಲ್ಲಿಯೂ ಅದು ಬೆಳಕಿಗಾಗಿ ಹುಟ್ಟಲಿಲ್ಲ. ಸೂಕ್ಷ್ಮ ತರಂಗಗಳನ್ನು ವರ್ಧಿಸುವ ನಳಿಕೆಯೊಂದನ್ನು ರುಡಾಲ್ಫ್ ಕಾಂಫ್ನರ್ ಯುದ್ಧಕಾಲದಲ್ಲಿ ಇಂಗ್ಲೆಂಡಿನಲ್ಲಿ ನಿರ್ಮಿಸಿದ್ದರು. ಅದರಲ್ಲಿ ಎಲೆಕ್ಟ್ರಾನುಗಳ ಪ್ರವಾಹವೊಂದು ಸುರುಳಿ ತಂತಿಯ ಮೇಲಿನ ತರಂಗದ ಜೊತೆಜೊತೆಗೆ ಓಡುತ್ತ ಅದಕ್ಕೆ ತನ್ನ ಶಕ್ತಿಯನ್ನು ಕೊಡುತ್ತದೆ. ಇದನ್ನು ಆಳವಾಗಿ ಅಭ್ಯಸಿಸಿದ ಜಾನ್ ಪಿಯರ್ಸ್, ಟ್ರಾನ್ಸಿಸ್ಟರಿಗೆ ಆ ಹೆಸರಿಟ್ಟವರೂ ಇವರೇ, 1954ರಲ್ಲಿ ಒಂದು ಪ್ರಬಂಧ ಬರೆದು, ಎರಡು ತರಂಗಗಳ ನಡುವಿನ ವ್ಯವಹಾರವನ್ನು ನಳಿಕೆಯ ವಿವರಗಳಿಂದ ಬಿಡಿಸಿ ಎರಡು ಸರಳ ಸಮೀಕರಣಗಳಿಗೆ ಇಳಿಸಿದರು. ಒಂದು ಕಳೆದುಕೊಂಡದ್ದನ್ನು ಇನ್ನೊಂದು ಪಡೆಯಲೇಬೇಕೆಂಬ ಲೆಕ್ಕದಿಂದಲೇ ಯುಗ್ಮನದ ಅಂಕಿಗಳು ಹೇಗಿರಬೇಕೆಂಬ ಕಟ್ಟಳೆ ಹೊರಟಿತು.

ಅದೇ ವರ್ಷ ಅದೇ ಸಂಸ್ಥೆಯ ಸ್ಟೀವರ್ಟ್ ಮಿಲ್ಲರ್ ಇದೇ ವಿಷಯದ ಮೇಲೆ ದೀರ್ಘವಾಗಿ ಬರೆದರು. ಅವರಿಗೆ ಅದು ಜೀವನ್ಮರಣದ ಪ್ರಶ್ನೆಯಾಗಿತ್ತು ಎಂದರೂ ತಪ್ಪಿಲ್ಲ. ಬೆಲ್ ಕಂಪನಿ ದೇಶದುದ್ದಕ್ಕೂ ದೂರವಾಣಿಯನ್ನು ಸುಮಾರು ಎರಡು ಅಂಗುಲ ವ್ಯಾಸದ ಟೊಳ್ಳು ಕೊಳವೆಗಳ ಮೂಲಕ ಒಯ್ಯುವ ಹವಣಿಕೆಯಲ್ಲಿತ್ತು. ದುಂಡು ಕೊಳವೆಯಲ್ಲಿ ಒಂದು ವಿಶೇಷ ನಡೆಯುಂಟು. ಉಳಿದ ನಡೆಗಳು ಆವೃತ್ತಿ ಏರಿದಂತೆ ಹೆಚ್ಚು ಸವೆದರೆ ಇದು ಏರಿದಂತೆಲ್ಲ ಕಡಿಮೆ ಸವೆಯುತ್ತದೆ. ಇಷ್ಟು ಒಳ್ಳೆಯ ನಡೆಗೆ ಒಂದೇ ದೋಷ. ನೇರವಾದ ಕೊಳವೆಯಲ್ಲಿ ಅದರಷ್ಟೇ ವೇಗದಲ್ಲಿ ಸಾಗುವ, ಆದರೆ ಬೇಗ ಸವೆದುಹೋಗುವ, ಇನ್ನೊಂದು ನಡೆಯೂ ಉಂಟು. ಕೊಳವೆ ಎಲ್ಲಿಯಾದರೂ ಬಾಗಿದರೆ ಈ ಎರಡೂ ಯುಗ್ಮಗೊಂಡು ಒಳ್ಳೆಯ ನಡೆಯ ಶಕ್ತಿಯೆಲ್ಲ ಕೆಟ್ಟದಕ್ಕೆ ಸೋರಿಹೋಗುತ್ತದೆ. ರಸ್ತೆ ತಿರುಗದೆ ದೇಶ ದಾಟುವುದು ಹೇಗೆ? ಹೀಗೆ ಯುಗ್ಮನವು ಮೊದಲು ರೋಗವಾಗಿ ಕಾಡಿತು. ಆ ರೋಗದ ಲಕ್ಷಣಗಳನ್ನು ಬಲ್ಲವರೇ ಅದನ್ನು ಬೇಕೆಂದಲ್ಲಿ ಬೇಕಾದಷ್ಟು ಉಪಯೋಗಿಸುವ ಸಾಧನಗಳನ್ನೂ ಮಾಡಿದರು. ಪಕ್ಕಪಕ್ಕದ ಎರಡು ಕೊಳವೆಗಳ ನಡುವೆ ರಂಧ್ರಗಳನ್ನು ಕೊರೆದು ಶಕ್ತಿಯನ್ನು ಲೆಕ್ಕದಂತೆ ಹಂಚುವ ವಿಧಾನ ಮಿಲ್ಲರರ ಪ್ರಬಂಧದಲ್ಲಿದೆ. ಕೊಳವೆಯ ಯೋಜನೆ 1970ರ ದಶಕದಲ್ಲಿ ಗಾಜಿನ ಎಳೆಯ ಮುಂದೆ ಸೋತು ಮೂಲೆಗುಂಪಾಯಿತು. ಅದಕ್ಕಾಗಿ ಕಟ್ಟಿದ ಸಿದ್ಧಾಂತ ಮಾತ್ರ ಗೆದ್ದ ಪಕ್ಷಕ್ಕೆ ಸಂದಿತು.

ಸಿದ್ಧಾಂತದ ತಿರುಳನ್ನು ಇಲ್ಲಿ ಹೇಳಬೇಕು. ಅದರಲ್ಲಿ ಇರುವುದು ಎರಡೇ ಅಂಕಿಗಳು. ಒಂದು, ಯುಗ್ಮನದ ಬಲ: ಒಂದು ನಾಳದ ನಡೆಯ ಚಾಚು ಇನ್ನೊಂದರ ಮೇಲೆ ಎಷ್ಟು ಬಿದ್ದಿದೆ ಎಂಬುದು. ನಾಳಗಳನ್ನು ದೂರ ಸರಿಸಿದಂತೆ ಇದು ಬಹು ವೇಗವಾಗಿ ಇಳಿಯುತ್ತದೆ. ಇನ್ನೊಂದು, ಎರಡೂ ನಡೆಗಳ ಲಯದ ಅಂತರ. ಲಯ ಒಂದೇ ಆಗಿದ್ದರೆ ಬಲ ಎಷ್ಟೇ ಕಡಿಮೆಯಿರಲಿ, ಸಾಕಷ್ಟು ದೂರದಲ್ಲಿ ಬೆಳಕೆಲ್ಲ ಆಚೆಗೆ ದಾಟಿಯೇ ದಾಟುತ್ತದೆ. ಮಿಲಿಮೀಟರಿಗೆ 1 ಎಂಬ ಬಲವಿದ್ದರೆ, ಪೈ ಸಂಖ್ಯೆಯ ಅರ್ಧ, ಎಂದರೆ 1.57 ಮಿಲಿಮೀಟರಿನಲ್ಲಿ ಪೂರ್ತಿ ದಾಟುತ್ತದೆ, 3.14 ಮಿಲಿಮೀಟರಿನಲ್ಲಿ ಪೂರ್ತಿ ಮರಳುತ್ತದೆ. ಸುಮಾರು 0.79 ಮಿಲಿಮೀಟರಿನಲ್ಲಿ ನಾಳಗಳನ್ನು ಅಗಲಿಸಿಬಿಟ್ಟರೆ ಸರಿಯಾಗಿ ಅರ್ಧರ್ಧ. ಬಲ ಅರ್ಧವಾದರೆ ಈ ದೂರಗಳು ಇಮ್ಮಡಿಯಾಗುತ್ತವೆ, ಅಷ್ಟೇ. ಲಯ ಬೇರೆಯಾದರೆ ಕಥೆಯೇ ಬೇರೆ. ಲಯದ ಅಂತರದ ಅರ್ಧವು ಬಲಕ್ಕೆ ಸಮನಾಗಿದ್ದರೆ ಎಂದೆಂದಿಗೂ ಅರ್ಧಕ್ಕಿಂತ ಹೆಚ್ಚು ದಾಟದು. ಮೂರು ಪಟ್ಟಾಗಿದ್ದರೆ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ದಾಟದು. ಜೋಕಾಲಿಯ ಒಂದು ಹಗ್ಗವನ್ನು ಗಿಡ್ಡಮಾಡಿ ನೋಡಿದವರಿಗೆ ಇದು ಗೊತ್ತು. ತಳ್ಳುವ ಹೊತ್ತು ಒಮ್ಮೆ ಕೂಡಿಬರುತ್ತದೆ, ಇನ್ನೊಮ್ಮೆ ಎದುರಾಗುತ್ತದೆ, ಕೊಟ್ಟದ್ದೆಲ್ಲ ವಾಪಸಾಗುತ್ತದೆ.

ಇದನ್ನೇ ಇನ್ನೊಂದು ಬಗೆಯಲ್ಲಿ ನೋಡಬಹುದು. ಎರಡೂ ಜೋಕಾಲಿಗಳನ್ನು ಒಟ್ಟಿಗೆ ಒಂದೇ ಕಡೆಗೆ ತೂಗಿದರೆ ಕೊಡುಕೊಳ್ಳುವಿಕೆ ಇಲ್ಲ. ಸರಿಯಾಗಿ ಎದುರುಬದುರಾಗಿ ತೂಗಿದರೂ ಇಲ್ಲ. ಜೋಡಿ ನಾಳಗಳಿಗೆ ನಿಜವಾದ ನಡೆಗಳೆಂದರೆ ಈ ಎರಡು, ಇವುಗಳ ವೇಗ ತುಸು ಬೇರೆ. ಒಂದೇ ನಾಳಕ್ಕೆ ಬೆಳಕು ಕೊಡುವುದೆಂದರೆ ಇವೆರಡನ್ನೂ ಸಮವಾಗಿ ಎಬ್ಬಿಸಿದಂತೆ. ಅವು ಹಿಂದೆಮುಂದಾದಾಗ ಬೆಳಕು ದಾಟಿದಂತೆ ಕಾಣುತ್ತದೆ. ದಾಟುವಿಕೆ ಎಂಬುದು ನಾವು ನೋಡುವ ಬಗೆಯಿಂದ ಬಂದದ್ದೋ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮುಂದೆ ಒಂದು ಜಗಳಕ್ಕೂ ಇದು ಮೂಲವಾಯಿತು.

ಬೆಲ್ ಪ್ರಯೋಗಾಲಯದಲ್ಲಿ ಇದೆಲ್ಲ ನಡೆದ 1954ರ ಜನವರಿಯಲ್ಲೇ, ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಹೆರಾಲ್ಡ್ ಹಾಪ್ಕಿನ್ಸ್ ಜೊತೆಗೂಡಿ, ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರವೊಂದನ್ನು ಸಾಗಿಸಿದ್ದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಬಾಗಿದ ದಾರಿಯಲ್ಲಿ ಬೆಳಕು ಹರಿಯುವುದನ್ನು 1841ರಲ್ಲಿ ಜಿನೀವಾದ ಕೊಲಾಡನ್ನರೂ 1854ರಲ್ಲಿ ಲಂಡನ್ನಿನ ಟಿಂಡಾಲರೂ ನೀರಿನ ಧಾರೆಯಲ್ಲಿ ತೋರಿಸಿದ್ದುಂಟು. ಕಪಾನಿಯವರ ಕಂತೆಯಲ್ಲಿ ಎಳೆಗಳು ಒಂದನ್ನೊಂದು ಮುಟ್ಟುತ್ತಿದ್ದವು. ಮುಟ್ಟಿದಲ್ಲಿ ಬೆಳಕು ಪಕ್ಕದ ಎಳೆಗೆ ಸೋರಿ ಚಿತ್ರ ಮಸುಕಾಗುತ್ತದೆ. ಎಳೆಗೆ ಕಡಿಮೆ ವಕ್ರೀಭವನ ಸೂಚ್ಯಂಕದ ಹೊದಿಕೆ ಹಾಕಬೇಕೆಂದು ಅದೇ ಸಂಚಿಕೆಯಲ್ಲಿ ಡಚ್ ವಿಜ್ಞಾನಿ ವಾನ್ ಹೀಲ್ ಬರೆದಿದ್ದರು. 1966ರಲ್ಲಿ ಇಂಗ್ಲೆಂಡಿನ ಹಾರ್ಲೋದಲ್ಲಿ ಚಾರ್ಲ್ಸ್ ಕಾವೋ ಮತ್ತು ಹಾಕಮ್, ಗಾಜನ್ನು ಶುದ್ಧಗೊಳಿಸಿ ಕಿಲೋಮೀಟರಿಗೆ 20 ಡೆಸಿಬೆಲ್ ನಷ್ಟಕ್ಕೆ, ಎಂದರೆ ನೂರರಲ್ಲಿ ಒಂದು ಪಾಲಾದರೂ ಉಳಿಯುವಂತೆ ಮಾಡಿದರೆ, ದೂರಸಂಪರ್ಕ ಸಾಧ್ಯವೆಂದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯವರು ಅದನ್ನು ಸಾಧಿಸಿದರು. 2009ರ ನೊಬೆಲ್ ಕಾವೋ ಅವರಿಗೆ ಬಂದಾಗ ಕಪಾನಿಯವರನ್ನು ಬಿಟ್ಟರೆಂದು ನಮ್ಮ ದೇಶದಲ್ಲಿ ಬೇಸರಪಟ್ಟವರು ಹಲವರು. ನಮಗೂ ಬೇಸರವಾಗಿತ್ತು. ಆದರೆ ಇಬ್ಬರ ಪ್ರಶ್ನೆಗಳೂ ಬೇರೆಯಾಗಿದ್ದವು ಎಂಬುದು ಈಗ ಓದಿದಾಗ ತಿಳಿಯಿತು. ಒಬ್ಬರದು ಚಿತ್ರ, ಇನ್ನೊಬ್ಬರದು ದೂರ.

ಕೊಳವೆಯ ಮಿಲ್ಲರ್ ಅವರೇ 1969ರಲ್ಲಿ, ಬೆಳಕಿನ ನಾಳಗಳನ್ನು ಚಿಕ್ಕ ಫಲಕದ ಮೇಲೆ ಮೂಡಿಸಿ ಮಂಡಲಗಳನ್ನು ಕಟ್ಟಬಹುದೆಂಬ ಚಿತ್ರವನ್ನು ಮುಂದಿಟ್ಟರು. ಅವರ ಸಹೋದ್ಯೋಗಿ ಮಾರ್ಕಟಿಲಿ ಪಕ್ಕಪಕ್ಕದ ಎರಡು ನಾಳಗಳ ಯುಗ್ಮನವನ್ನು ಲೆಕ್ಕ ಹಾಕಿಕೊಟ್ಟರು. 1972ರಲ್ಲಿ ಅಲನ್ ಸ್ನೈಡರ್ ಗಾಜಿನ ಎಳೆಗಳಿಗೂ 1973ರಲ್ಲಿ ಕ್ಯಾಲ್‌ಟೆಕ್‌ನ ಅಮ್ನನ್ ಯಾರಿವ್ ಎಲ್ಲ ಬಗೆಯ ನಾಳಗಳಿಗೂ ಸಿದ್ಧಾಂತವನ್ನು ಹದಗೊಳಿಸಿದರು. ನಾಳದ ಮೈಮೇಲೆ ಕೊರೆದ ಗೀರುಗಳು, ವಿದ್ಯುತ್ತು, ಶಬ್ದ ಮುಂತಾದ ಯಾವುದೇ ಚಿಕ್ಕ ಏರುಪೇರು ಎರಡು ನಡೆಗಳನ್ನು ಬೆಸೆಯಬಲ್ಲುದೆಂದೂ, ಅವುಗಳಿಗೆಲ್ಲ ಒಂದೇ ಜೋಡಿ ಸಮೀಕರಣ ಸಾಕೆಂದೂ ಯಾರಿವ್ ತೋರಿಸಿದರು. ಜೋನ್ಸ್ ಲೆಕ್ಕ ಹಾಕಿದ್ದ ನಾಳಗಳ ಸಾಲನ್ನು ಅದೇ ವರ್ಷ ಅವರ ಬಳಗ ಗ್ಯಾಲಿಯಂ ಆರ್ಸೆನೈಡ್ ಫಲಕದಲ್ಲಿ ನಿರ್ಮಿಸಿ ಕಣ್ಣಾರೆ ಕಂಡಿತು. ವಿದ್ಯುತ್ತಿನಿಂದ ಒಂದು ನಾಳದ ಲಯವನ್ನು ತುಸು ಕೆಡಿಸಿ ಬೆಳಕನ್ನು ಬೇಕಾದ ಬಾಗಿಲಿಗೆ ಕಳಿಸುವ ಸ್ವಿಚ್ಚುಗಳು ಬಂದವು. ಎರಡು ಎಳೆಗಳನ್ನು ಹೆಣೆದು, ಉರಿಯಲ್ಲಿ ಕಾಸಿ, ಮೆಲ್ಲಗೆ ಎಳೆಯುತ್ತ, ಇನ್ನೊಂದು ತುದಿಯಲ್ಲಿ ಬೇಕಾದಷ್ಟು ಬೆಳಕು ಬಂದ ಕ್ಷಣವೇ ನಿಲ್ಲಿಸಿ ಮಾಡುವ ಬೆಸುಗೆಯ ಸಂಯೋಜಕಗಳೂ ಬಂದವು. ಅಡುಗೆಮನೆಯಲ್ಲಿ ಪಾಕದ ಎಳೆ ನೋಡಿ ಒಲೆಯಿಂದ ಇಳಿಸುವವರಿಗೆ ಈ ಕೆಲಸದ ಬಗೆ ಚೆನ್ನಾಗಿ ಅರ್ಥವಾಗುತ್ತದೆ.

ಒಂದೇ ಎಳೆಯಲ್ಲಿ ನೂರಾರು ನಡೆಗಳಿರುವಾಗ ಏನಾಗುತ್ತದೆ ಎಂಬುದು ಇನ್ನೊಂದು ಸ್ವಾರಸ್ಯದ ಸಂಗತಿ. ನಡೆಗಳ ವೇಗ ಬೇರೆಬೇರೆಯಾದ್ದರಿಂದ ಒಟ್ಟಿಗೆ ಹೊರಟ ಬೆಳಕಿನ ಮಿಡಿತ ದಾರಿಯಲ್ಲಿ ಹರಡಿಹೋಗುತ್ತದೆ, ಸಂದೇಶ ಕಲಸಿಹೋಗುತ್ತದೆ. ದಾರಿ ನಾಲ್ಕು ಪಟ್ಟಾದರೆ ಹರವೂ ನಾಲ್ಕು ಪಟ್ಟು. 1971ರಲ್ಲಿ ಬೆಲ್ ಪ್ರಯೋಗಾಲಯದ ಪರ್ಸೊನಿಕ್ ಒಂದು ವಿಚಿತ್ರವನ್ನು ಗಮನಿಸಿದರು. ಎಳೆಯಲ್ಲಿ ಸಣ್ಣಪುಟ್ಟ ಓರೆಕೋರೆಗಳಿದ್ದು ನಡೆಗಳು ದಾರಿಯುದ್ದಕ್ಕೂ ಒಂದಕ್ಕೊಂದು ಶಕ್ತಿ ಬದಲಿಸಿಕೊಳ್ಳುತ್ತಿದ್ದರೆ ಹರವು ನಾಲ್ಕರ ಬದಲು ಎರಡೇ ಪಟ್ಟಾಗುತ್ತದೆ. ಪಂಢರಪುರಕ್ಕೆ ಹೊರಟ ದಿಂಡಿಯಲ್ಲಿ ಬಿರುಸಾಗಿ ನಡೆಯುವವರು ಕೊನೆಯವರೆಗೂ ಬಿರುಸಾಗಿಯೇ, ನಿಧಾನದವರು ನಿಧಾನವಾಗಿಯೇ ನಡೆದರೆ ದಿಂಡಿ ಹರಿದುಹೋಗುತ್ತದೆ. ಎಲ್ಲರೂ ಒಮ್ಮೆ ಬಿರುಸು, ಒಮ್ಮೆ ನಿಧಾನವಾದರೆ ಹೆಚ್ಚುಕಡಿಮೆ ಒಟ್ಟಿಗೇ ತಲುಪುತ್ತಾರೆ. ಇದರ ಬೆಲೆಯೂ ಇದೆ. ಅದೇ ಓರೆಕೋರೆಗಳಿಂದ ಸ್ವಲ್ಪ ಬೆಳಕು ಎಳೆಯಿಂದ ಹೊರಗೆ ಚೆಲ್ಲಿಹೋಗುತ್ತದೆ.

ಜಗಳದ ವಿಷಯ ಹೇಳುವುದಿತ್ತು. ಹಳೆಯ ಸಿದ್ಧಾಂತ ಎರಡು ನಾಳಗಳ ನಡೆಗಳನ್ನು ಪೂರ್ತಿ ಪ್ರತ್ಯೇಕವೆಂದು ಭಾವಿಸಿತ್ತು. ಆದರೆ ಒಂದರ ಚಾಚು ಇನ್ನೊಂದರ ಮೇಲೆ ಬೀಳುತ್ತದೆ ಎಂಬುದೇ ಯುಗ್ಮನದ ಮೂಲವಾಗಿರುವಾಗ ಅವು ಪ್ರತ್ಯೇಕವಾಗಿರುವುದು ಹೇಗೆ? ನಾಳಗಳು ದೂರವಿದ್ದಾಗ, ಒಂದೇ ತರಹದವಾಗಿದ್ದಾಗ ಇದು ತೊಂದರೆ ಕೊಡುವುದಿಲ್ಲ. ಹತ್ತಿರವಾಗಿ, ಅಸಮವಾಗಿದ್ದಾಗ ಮಾತ್ರ ಮೊದಲನೆಯದರಿಂದ ಎರಡನೆಯದಕ್ಕೆ ಬರುವ ಯುಗ್ಮನದ ಅಂಕಿ ಒಂದು, ಎರಡನೆಯದರಿಂದ ಮೊದಲನೆಯದಕ್ಕೆ ಇನ್ನೊಂದು ಎಂದಾಗುತ್ತದೆ. ಕೊಟ್ಟದ್ದೂ ಕೊಂಡದ್ದೂ ತಾಳೆಯಾಗವು, ಪಿಯರ್ಸ್ ಹಾಕಿದ ಕಟ್ಟಳೆಯೇ ಮುರಿಯುತ್ತದೆ. 1985ರಲ್ಲಿ ಹಾರ್ಡಿ ಮತ್ತು ಸ್ಟ್ರೈಫರ್ ಹೊಸ ಸೂತ್ರಗಳನ್ನು ತಂದರು. 1987ರಲ್ಲಿ ಎಂಐಟಿಯ ಹರ್ಮನ್ ಹೌಸ್ ಮತ್ತು ಸಂಗಡಿಗರು ಬೇರೆ ದಾರಿಯಿಂದ ತಮ್ಮ ಸೂತ್ರಗಳನ್ನು ನೀಡಿದರು. ಅದೇ ವರ್ಷ ಸ್ನೈಡರ್ ಮತ್ತು ಸಂಗಡಿಗರು, ಈ ಹೊಸ ಸೂತ್ರಗಳಲ್ಲೇ ಮೂಲಭೂತ ದೋಷವಿದೆ ಎಂದು ಶೀರ್ಷಿಕೆಯಲ್ಲೇ ಸಾರಿ ಬರೆದರು. ವಿಜ್ಞಾನಿಗಳ ಪತ್ರಿಕೆಗಳಲ್ಲಿಯೂ ಇಷ್ಟು ಖಾರ ಇರುತ್ತದೆಂದು ನಮಗೆ ತಿಳಿದಿರಲಿಲ್ಲ.

ಗಂಟು ಬಿಡಿಸಿದ್ದು ಲೆಕ್ಕದ ಪುಸ್ತಕ. ಅಣ್ಣತಮ್ಮಂದಿರಿಬ್ಬರು ತಮ್ಮತಮ್ಮ ಹೊಲದ ವಿಸ್ತೀರ್ಣ ಬರೆಸುವಾಗ ನಡುವಿನ ಬದುವನ್ನು ಇಬ್ಬರೂ ತಮ್ಮದೆಂದು ಬರೆಸಿದರೆ ಒಟ್ಟು ತಪ್ಪುತ್ತದೆ. ಮೊದಲನೆಯ ನಾಳದ ಬೆಳಕು, ಎರಡನೆಯ ನಾಳದ ಬೆಳಕು ಎಂಬ ಎರಡೇ ಬಾಬುಗಳಿಂದ ಮೊತ್ತ ಬಾರದು. ಇಬ್ಬರಿಗೂ ಸೇರಿದ ಮೂರನೆಯ ಬಾಬನ್ನೂ ಬರೆಯಬೇಕು. ಅದನ್ನು ಸೇರಿಸಿದೊಡನೆ ಅಂಕಿಗಳು ಅಸಮವಾಗಿದ್ದರೂ ಶಕ್ತಿಯ ಲೆಕ್ಕ ತಾಳೆಯಾಯಿತು. ಇದು ಬರಿಯ ತರ್ಕದ ಸಮಾಧಾನವಲ್ಲ. ಇಂಥ ಜೋಡಿಯಲ್ಲಿ ಬೆಳಕನ್ನು ಒಂದೇ ನಾಳದಲ್ಲಿ ಪೂರ್ತಿಯಾಗಿ ನಿಲ್ಲಿಸುವುದು ಸಾಧ್ಯವಿಲ್ಲ, ಸ್ವಿಚ್ಚು ಎಷ್ಟೇ ಚೆನ್ನಾಗಿದ್ದರೂ ಮುಚ್ಚಿದ ಬಾಗಿಲಲ್ಲಿ ಸ್ವಲ್ಪ ಬೆಳಕು ಉಳಿಯುತ್ತದೆ ಎಂಬುದು ಇದರಿಂದ ಹೊರಟಿತು. ಸ್ವಿಚ್ಚು ಮಾಡುವವರಿಗೆ ಅದು ಅನ್ನದ ಪ್ರಶ್ನೆ. 1994ರಲ್ಲಿ ಹುವಾಂಗ್ ಬರೆದ ಸಮೀಕ್ಷೆಯ ಹೊತ್ತಿಗೆ ಕಾವು ಆರಿತ್ತು. ದೂರದ, ದುರ್ಬಲ ಯುಗ್ಮನಕ್ಕೆ ಹಳೆಯದು ಸಾಕು, ಹತ್ತಿರದ, ಅಸಮ ನಾಳಗಳಿಗೆ ಹೊಸದು ಬೇಕು ಎಂಬಲ್ಲಿಗೆ ವಿಷಯ ನಿಂತಿತು.

ಇಂದು ಒಂದೇ ಎಳೆಯಲ್ಲಿ ಹಲವು ತಿರುಳುಗಳನ್ನು ಹತ್ತಿರ ಹತ್ತಿರ ಇಟ್ಟು, ಅವು ಬೇಕೆಂದೇ ಬೆರೆಯುವಂತೆ ಮಾಡಿ, ಆಚೆ ತುದಿಯಲ್ಲಿ ಗಣಕದಿಂದ ಬಿಡಿಸಿಕೊಳ್ಳುವ ಪ್ರಯತ್ನಗಳು ನಡೆದಿವೆ. ಉದ್ದಕ್ಕೂ ಗಾಳಿಯ ರಂಧ್ರಗಳಿರುವ ಎಳೆಗಳು 1996ರಿಂದ ಇವೆ, ಅದು ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಫಿಲಿಪ್ ರಸೆಲ್ ಅವರ ಬಳಗದ ಕೆಲಸ. ಇಂಥವುಗಳಿಗೆ ಗಣಕವೇ ಮ್ಯಾಕ್ಸ್‌ವೆಲ್ಲರ ಸಮೀಕರಣಗಳನ್ನು ನೇರವಾಗಿ ಬಿಡಿಸುತ್ತದೆ. ಹಾಗಾದರೆ ಪಿಯರ್ಸ್ ಅವರ ಎರಡು ಸಾಲುಗಳು ಇನ್ನೇಕೆ ಎಂದು ನಾವು ಹಳೆಯ ವಿದ್ಯಾರ್ಥಿನಿಯನ್ನು ಕೇಳಿದೆವು. ಗಣಕಕ್ಕೆ ಏನನ್ನು ಕೊಡಬೇಕೆಂದು ತಿಳಿಯಲು ಮೊದಲು ಕಾಗದದ ಮೇಲೆ ಆ ಎರಡು ಸಾಲುಗಳನ್ನೇ ಬರೆದುಕೊಳ್ಳುತ್ತೇನೆ ಎಂದಳು.

ಕರಡನ್ನು ಆಕೆಯ ತಾಯಿಯವರ ಮನೆಗೆ ಒಯ್ದು, ಸಮೀಕರಣದ ಭಾಗಗಳನ್ನು ಬಿಟ್ಟು ಓದಿ ಹೇಳಿದೆವು. ಜೋಕಾಲಿಯ ಭಾಗವನ್ನು ಎರಡು ಸಲ ಓದಿಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾ ಖರೆ ಅಕ್ಕೋರ, ಮತ್ತ ಬೆಳಕಿಗೆ ಕೊಂಬಿ ಯಾವ್ದು?" ಎಂದು ಕೇಳಿದರು. ಹೈಗನ್ಸರು ಗಡಿಯಾರಗಳ ಮುಂದೆ ಕೇಳಿಕೊಂಡದ್ದೂ ಇದೇ ಪ್ರಶ್ನೆಯನ್ನು. ನಾವು ಉತ್ತರಿಸುವ ಮುನ್ನವೇ ಮಗಳಿಗೆ ಫೋನ್ ಹಚ್ಚಲು ಹೇಳಿದರು. ಕೊಂಬೆ ಇಲ್ಲ, ಗೋಡೆ ದಾಟಿ ಹೊರಗೆ ಚಾಚಿದ ಬೆಳಕಿನ ಅಂಚೇ ಕೊಂಬೆ, ಅದರ ಅಗಲ ತಲೆಗೂದಲಿಗಿಂತ ಎಷ್ಟೋ ಕಡಿಮೆ ಎಂದು ಮಗಳು ಅತ್ತಲಿಂದ ಹೇಳುತ್ತಿರುವುದು ನಮಗೂ ಕೇಳಿಸುತ್ತಿತ್ತು. ಅವರಿಬ್ಬರ ಮಾತು ಬಹಳ ಹೊತ್ತು ನಡೆಯಿತು.